ಐದು ಮೆಟ್ಟಿಲು

‘ಕೆರೆಗೆ ಹಾರ’ ಎಂಬ ಕಥನಗೀತೆ ಕಟ್ಟಿದ ಜನಪದರಿಗೆ ಅಳಿಸುವ ಆತುರವೇ ಇಲ್ಲ. ನೀರು ಬಾರದ ಕೆರೆಗೆ ಕಿರಿಸೊಸೆ ಭಾಗೀರಥಿ ಬಲಿಯೆಂದು ಹಿರಿಯರು ನಿಶ್ಚಯಿಸಿದ್ದಾರೆ. ತವರಿಗೆ ಹೋದವಳು ಅಪ್ಪ ಅವ್ವನಿಗೆ, ಅತ್ತೆ ಮಾವ ಬೇರೆ ಇಡುತ್ತಾರಂತೆ ಎಂದು ಸುಳ್ಳು ಹೇಳುತ್ತಾಳೆ. ನಿಜ ಹೇಳುವುದು ಗೆಳತಿಗೆ ಮಾತ್ರ. ಎಂಥ ಕಸುಬುದಾರಿಕೆ! ಅವಳ ಧೈರ್ಯಕ್ಕೆ ಒಂದೇ ಒಂದು ವಿಶೇಷಣ ಬಳಸಿಲ್ಲ.

ಮನೆಯವರು ಕೆರೆಯಲ್ಲಿ ಮಾಡಿದ ಪೂಜೆ ಮುಗಿದಿದೆ. ಅಲ್ಲೇ ಮರೆತ ಬಂಗಾರದ ಬಟ್ಟಲು ತರಲು ಅವಳೊಬ್ಬಳೇ ಹಿಂದಿರುಗುತ್ತಾಳೆ. ಇಲ್ಲಿ ಹಾಡು ನಿಧಾನವಾಗುತ್ತದೆ. ಅವಳು ಒಂದೊಂದೇ ಮೆಟ್ಟಿಲು ಹತ್ತುತ್ತಾಳೆ, ನೀರೂ ಜೊತೆಗೇ ಏರುತ್ತದೆ: ಪಾದ, ಮೊಣಕಾಲು, ನಡು. ಸಾಲು ಅದೇ, ಬದಲಾಗುವುದು ಎರಡೋ ಮೂರೋ ಪದ. ಕಿರುಚಾಟವಿಲ್ಲ, ಶಾಪವಿಲ್ಲ. ಹಿನ್ನೆಲೆ ಸಂಗೀತ ಸುರಿದು ತ್ಯಾಗ ತೋರಿಸುವ ಸಿನಿಮಾದವರು ಇದನ್ನೊಮ್ಮೆ ಕೇಳಬೇಕು.

ಐದನೆಯ ಮೆಟ್ಟಿಲಿಗೆ ಕೆರೆ ತುಂಬುತ್ತದೆ.