ಹಣವೂ ಹೊರಗಿನವನೂ: ಸಿಮ್ಮೆಲನ ವಿಚಾರಗಳ ಒಂದು ವಿಮರ್ಶೆ

ವಿಶಾಖಪಟ್ಟಣದಲ್ಲಿಯೂ ವಿಜಯವಾಡದಲ್ಲಿಯೂ ಹಳೆಯ ಪೇಟೆಗೆ ಒನ್ ಟೌನ್ ಎಂಬ ಒಂದೇ ಹೆಸರು ರೂಢಿಯಲ್ಲಿದೆ. ಮೊದಲನೆಯದು ಬಂದರಿನ ಸಮೀಪದಲ್ಲಿದ್ದು ಕುರುಪಾಂ ಮಾರುಕಟ್ಟೆಯನ್ನು ಒಳಗೊಂಡಿದೆ. ಎರಡನೆಯದು ಇಂದ್ರಕೀಲಾದ್ರಿಯ ಬುಡದಲ್ಲಿ, ಕಾಳೇಶ್ವರರಾವ್ ಮಾರುಕಟ್ಟೆಯ ಸುತ್ತ ಹಬ್ಬಿದೆ. ದೇವರ ಹೆಸರನ್ನೋ ದೊರೆಯ ಹೆಸರನ್ನೋ ಪೇಟೆಗಳಿಗೆ ಇಡುವುದು ನಮ್ಮವರ ವಾಡಿಕೆ. ಇಲ್ಲಿ ಅಂಕಿಯೇ ಹೆಸರಾಗಿ ನಿಂತಿದೆ. ಗುಣವನ್ನು ಸಂಖ್ಯೆಗೆ ಇಳಿಸುವುದು ಆಧುನಿಕ ಜೀವನದ ಮುಖ್ಯ ಲಕ್ಷಣವೆಂದು ಪ್ರತಿಪಾದಿಸಿದ ಜರ್ಮನ್ ದಾರ್ಶನಿಕ ಗೇಯೋರ್ಗ್ ಸಿಮ್ಮೆಲನ (೧೮೫೮-೧೯೧೮) ವಿಚಾರಗಳನ್ನು ಪರಿಶೀಲಿಸಲು ಇದಕ್ಕಿಂತ ಉಚಿತವಾದ ಸ್ಥಳವಿಲ್ಲವೆಂದು ನನಗೆ ತೋರುತ್ತದೆ. ನಾನು ಬ್ಯಾಂಕಿನ ಅಧಿಕಾರಿ. ಆತನ ಗ್ರಂಥವನ್ನು ಓದುವುದು ನನ್ನ ಮಟ್ಟಿಗೆ ಪಾಂಡಿತ್ಯದ ವ್ಯಾಸಂಗವಷ್ಟೇ ಅಲ್ಲ, ಆತ್ಮಪರೀಕ್ಷೆಯೂ ಹೌದು.

ಸಿಮ್ಮೆಲನು ಬರ್ಲಿನ್ನಿನ ನಡುಪೇಟೆಯಲ್ಲಿ ಹುಟ್ಟಿ ಬೆಳೆದವನು. ಅಲ್ಲಿಯ ವಿಶ್ವವಿದ್ಯಾನಿಲಯದಲ್ಲಿ ಬಹುಕಾಲ ಬೋಧಿಸಿದರೂ ಪೂರ್ಣ ಪ್ರಾಧ್ಯಾಪಕ ಪದವಿ ಆತನಿಗೆ ದೊರೆತದ್ದು ೧೯೧೪ರಲ್ಲಿ, ಅದೂ ಸ್ಟ್ರಾಸ್‌ಬರ್ಗಿನಲ್ಲಿ. ಆತನ ಮುಖ್ಯ ಗ್ರಂಥ 'ಹಣದ ತತ್ತ್ವಶಾಸ್ತ್ರ' ೧೯೦೦ರಲ್ಲಿ ಪ್ರಕಟವಾಯಿತು. ಇಂಗ್ಲಿಷಿಗೆ ಅದು ಪೂರ್ಣವಾಗಿ ಬಂದದ್ದು ೧೯೭೮ರಲ್ಲಿ. ಈ ವಿಳಂಬದಿಂದಾಗಿ, ಮಾರ್ಕ್ಸನನ್ನೂ ವೇಬರನನ್ನೂ ಬಲ್ಲ ನಮ್ಮ ವಿದ್ಯಾವಂತರಲ್ಲಿಯೂ ಈತನ ಪರಿಚಯ ಅಷ್ಟಾಗಿ ಬೆಳೆಯಲಿಲ್ಲವೆನ್ನಬಹುದು.

ಆತನ ವಾದದ ಸಾರವಿಷ್ಟು. ಹಣವು ಮೂಲತಃ ಸಾಧನ. ಆದರೆ ಎಲ್ಲ ಸಾಧ್ಯಗಳಿಗೂ ಅದೊಂದೇ ಸಾಧನವಾದ ಕಾರಣ ಕ್ರಮೇಣ ತಾನೇ ಸಾಧ್ಯವಾಗಿ ಕುಳಿತುಬಿಡುತ್ತದೆ. ಸಕಲ ವಸ್ತುಗಳೂ ಬೆಲೆಯೆಂಬ ಒಂದೇ ಅಳತೆಗೋಲಿಗೆ ಒಳಪಟ್ಟಾಗ ಅವುಗಳ ನಡುವಿನ ಭೇದ ಮಸುಕಾಗುತ್ತದೆ. ನಗರವಾಸಿಯ ಮನಸ್ಸು ಯಾವುದಕ್ಕೂ ಮಿಡಿಯದ ಜಡತೆಯನ್ನು ತಳೆಯುತ್ತದೆ. ೧೯೦೩ರ ಮಹಾನಗರದ ಪ್ರಬಂಧದಲ್ಲಿ ಈ ಮಾತು ಇನ್ನಷ್ಟು ವಿಶದವಾಗಿದೆ. ಹೀಗೆಂದ ಮಾತ್ರಕ್ಕೆ ಆತನನ್ನು ಹಣದ ನಿಂದಕನೆಂದು ತಿಳಿಯಬಾರದು. ಒಕ್ಕಲಿನವನು ಧಣಿಗೆ ಜೇನನ್ನೇ ಕೊಡಬೇಕೆಂದಿದ್ದಾಗ ಅವನು ಜೇನನ್ನೇ ಸಾಕಬೇಕು. ಹಣ ಕೊಟ್ಟರೆ ಸಾಕೆಂದಾದಾಗ ಏನನ್ನು ಬೆಳೆಯುವುದೆಂಬುದು ಅವನ ಇಚ್ಛೆ. ಬಿಡುಗಡೆಯನ್ನು ತಂದದ್ದೂ ಒಂಟಿತನವನ್ನು ತಂದದ್ದೂ ಒಂದೇ ನಾಣ್ಯ ಎಂಬ ಈ ದ್ವಂದ್ವದೃಷ್ಟಿಯೇ ಸಿಮ್ಮೆಲನ ಹಿರಿಮೆ.

ಇನ್ನು 'ಹೊರಗಿನವನು'. ೧೯೦೮ರ 'ಸಮಾಜಶಾಸ್ತ್ರ' ಗ್ರಂಥದಲ್ಲಿ ಬರುವ ಈ ಕಿರುಬರಹ ನಮ್ಮಂಥವರನ್ನು ಕುರಿತೇ ಬರೆದಂತಿದೆ. ಪರಸ್ಥಳಕ್ಕೆ ಬಂದು ನೆಲೆಸಿಯೂ ಹೊರಟುಹೋಗುವ ಸಾಧ್ಯತೆಯನ್ನು ಪೂರ್ತಿ ಕಳೆದುಕೊಳ್ಳದವನು ಇವನು; ಹತ್ತಿರವೂ ಹೌದು, ದೂರವೂ ಹೌದು. ನೆಲ ಇವನದಲ್ಲವಾಗಿ ಇವನು ವ್ಯಾಪಾರದಿಂದ ಬಾಳುತ್ತಾನೆ. ಸ್ಥಳೀಯರ ಪಕ್ಷಪಾತಗಳು ಇವನಿಗಿಲ್ಲವಾಗಿ ಜನರು ಆಪ್ತರಿಗೂ ಹೇಳದ ಗುಟ್ಟನ್ನು ಇವನಿಗೆ ಹೇಳುತ್ತಾರೆ. ಉಡುಪಿಯ ಹೋಟೆಲುಗಳನ್ನೂ ದಕ್ಷಿಣ ಕನ್ನಡದ ಬ್ಯಾಂಕುಗಳನ್ನೂ ಬಲ್ಲವರು ಈ ಚಿತ್ರವನ್ನು ಒಡನೆಯೇ ಗುರುತಿಸಿಯಾರು. ೧೯೦೬ರಲ್ಲಿ ಮಂಗಳೂರಿನ ಕೆನರಾ ಬ್ಯಾಂಕು ಮತ್ತು ಉಡುಪಿಯ ಕಾರ್ಪೊರೇಷನ್ ಬ್ಯಾಂಕು, ೧೯೨೫ರಲ್ಲಿ ಉಡುಪಿಯಲ್ಲಿಯೇ ಮುಂದೆ ಸಿಂಡಿಕೇಟ್ ಬ್ಯಾಂಕೆನಿಸಿದ ಸಂಸ್ಥೆ, ೧೯೩೧ರಲ್ಲಿ ಮಂಗಳೂರಿನ ವಿಜಯಾ ಬ್ಯಾಂಕು ಹುಟ್ಟಿದವು. ಇವುಗಳ ಶಾಖೆಗಳೊಡನೆ ಪರನಾಡಿನ ಪೇಟೆಗಳಿಗೆ ಬಂದ ಕನ್ನಡಿಗರು ಅನೇಕರು.

ಸಿಮ್ಮೆಲನ ಸಿದ್ಧಾಂತವನ್ನು ಒರೆಗೆ ಹಚ್ಚಲು ನಮ್ಮ ಕರಾವಳಿಯೇ ಒಂದು ನಿದರ್ಶನವನ್ನು ಒದಗಿಸಿದೆ: ಪಿಗ್ಮಿ ಠೇವಣಿ. ಉಡುಪಿಯ ಆ ಸಂಸ್ಥೆ ೧೯೨೮ರಲ್ಲಿ ಇದನ್ನು ಆರಂಭಿಸಿತು. ಸಂಗ್ರಾಹಕನು ದಿನವೂ ಮನೆಬಾಗಿಲಿಗೆ, ಅಂಗಡಿಬಾಗಿಲಿಗೆ ಹೋಗಿ ಎರಡು ಆಣೆಯಷ್ಟು ಅಲ್ಪ ಮೊತ್ತವನ್ನೂ ಪಡೆದು ಬರುತ್ತಿದ್ದನು. ಹಣದ ವ್ಯವಹಾರ ಹೆಚ್ಚಿದಂತೆಲ್ಲ ಮನುಷ್ಯರು ಪರಸ್ಪರ ಅಪರಿಚಿತರಾಗುತ್ತಾರೆಂದು ಸಿಮ್ಮೆಲ್ ಹೇಳಿದರೆ, ಇಲ್ಲಿ ಹಣವೇ ದಿನನಿತ್ಯದ ಭೇಟಿಗೆ ನಿಮಿತ್ತವಾಯಿತು.

ಒನ್ ಟೌನಿನ ಓಣಿಯೊಂದರಲ್ಲಿ ಹೂ ಮಾರುವ ವೃದ್ಧೆಯೊಬ್ಬಳ ಬಳಿಗೆ ಅಂಥ ಸಂಗ್ರಾಹಕನೊಡನೆ ಒಮ್ಮೆ ನಾನೂ ಹೋಗಿದ್ದೆ. ಸೆರಗಿನ ಒಂದು ಗಂಟಿನಿಂದ ಆಕೆ ನೋಟನ್ನು ತೆಗೆದುಕೊಟ್ಟಳು. ಇನ್ನೊಂದು ಗಂಟನ್ನು ಮುಟ್ಟಲಿಲ್ಲ. ಅದು ಮೊಮ್ಮಗಳ ಶಾಲೆಯದಂತೆ. ಎರಡು ಗಂಟುಗಳಲ್ಲಿಯೂ ಇದ್ದದ್ದು ಒಂದೇ ಸರ್ಕಾರದ ಹಣ. ಆದರೆ ಆಕೆಗೆ ಅವು ಒಂದೇ ಅಲ್ಲ. ಹಣಕ್ಕೆ ಮೊತ್ತದ ಹೊರತು ಬೇರೆ ಗುಣವಿಲ್ಲವೆಂಬ ಸಿಮ್ಮೆಲನ ಮಾತು ಇಲ್ಲಿ ಸೋಲುತ್ತದೆ. ಅಮೆರಿಕದ ಸಮಾಜಶಾಸ್ತ್ರಜ್ಞೆ ವಿವಿಯಾನಾ ಜೆಲೈಜರ್ ೧೯೯೪ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದೇ ಆಕ್ಷೇಪವನ್ನು ವಿಸ್ತಾರವಾಗಿ ಎತ್ತಿದ್ದಾರೆ. ಶ್ರೀಮಂತರ ಬರ್ಲಿನ್ನನ್ನು ಕಂಡವನಿಗೆ ಬಡವರ ಸೆರಗಿನ ಗಂಟು ಕಾಣಲಿಲ್ಲವೆಂದು ಹೇಳಬೇಕಾಗಿದೆ. ಬಿಜ್ಜಳನ ಭಂಡಾರಿಯಾಗಿದ್ದ ಬಸವಣ್ಣನವರ ಕಾಲದಲ್ಲಿ ಕಾಯಕದ ಗಳಿಕೆಯನ್ನು ದಾಸೋಹಕ್ಕೆ ಮುಡಿಪಾಗಿಸಿದ ಶರಣರು, ಸಾಧನವನ್ನು ಸಾಧನವಾಗಿಯೇ ಇರಿಸುವ ದಾರಿಯುಂಟೆಂದು ತೋರಿಸಿದ್ದರು.

ಆದರೆ ವಿಮರ್ಶಕನು ತನ್ನ ಪಕ್ಷದ ನಿದರ್ಶನವನ್ನೂ ಶಂಕಿಸಬೇಕು. ಆ ವೃದ್ಧೆಗೆ ಸಂಗ್ರಾಹಕನ ಹೆಸರು ತಿಳಿದಿರಲಿಲ್ಲ; ಎಷ್ಟೋ ವರ್ಷಗಳಿಂದ ಆತ ಆಕೆಗೆ ಬರಿಯ 'ಪಿಗ್ಮಿ'. ಅವನ ಕುಶಲಪ್ರಶ್ನೆಗೂ ಅವನ ಕಮಿಷನ್ನಿಗೂ ಸಂಬಂಧವೇ ಇಲ್ಲವೆಂದು ನಾನು ಪ್ರಮಾಣ ಮಾಡಲಾರೆ. ಬ್ಯಾಂಕುಗಳ ಕಥೆಯೂ ಸಿಮ್ಮೆಲನ ಕಡೆಗೇ ಸಾಕ್ಷ್ಯ ನುಡಿಯುತ್ತದೆ. ವಿಜಯಾ ಬ್ಯಾಂಕು ೨೦೧೯ರಲ್ಲಿ ಬ್ಯಾಂಕ್ ಆಫ್ ಬರೋಡಾದಲ್ಲಿ ವಿಲೀನವಾಯಿತು. ೨೦೨೦ರ ಏಪ್ರಿಲ್ ೧ರಂದು ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿ ಲೀನವಾದರೆ, ಉಡುಪಿಯ ಕಾರ್ಪೊರೇಷನ್ ಬ್ಯಾಂಕೂ ಮಚಲೀಪಟ್ಟಣದಲ್ಲಿ ೧೯೨೩ರಲ್ಲಿ ಹುಟ್ಟಿದ ಆಂಧ್ರಾ ಬ್ಯಾಂಕೂ ಯೂನಿಯನ್ ಬ್ಯಾಂಕಿನಲ್ಲಿ ಒಂದಾದವು. ಊರಿನ ಹೆಸರನ್ನೋ ನಾಡಿನ ನೆನಪನ್ನೋ ಹೊತ್ತಿದ್ದ ಸಂಸ್ಥೆಗಳು ಲೆಕ್ಕದ ಅನುಕೂಲಕ್ಕಾಗಿ ಕರಗಿದವು. ೨೦೧೬ರಲ್ಲಿ ಬಂದ ಯುಪಿಐ ಪದ್ಧತಿಯಿಂದ ಹೂವಿನ ಬುಟ್ಟಿಯ ಪಕ್ಕದಲ್ಲಿಯೂ ಈಗ ಚೌಕಳಿ ಸಂಕೇತದ ಫಲಕ ನಿಂತಿದೆ. ಹಣ ಕೈಯಿಂದ ಕೈಗೆ ಹೋಗುವುದಿಲ್ಲ. ಆದ್ದರಿಂದ ಕೈಗಳು ಸಂಧಿಸುವುದೂ ಇಲ್ಲ. ಸಿಮ್ಮೆಲನು ಪೂರ್ತಿ ಸರಿಯಲ್ಲ. ಆದರೆ ದಿನದಿನಕ್ಕೆ ಹೆಚ್ಚು ಸರಿಯಾಗುತ್ತಿದ್ದಾನೆ. ನನ್ನ ವಿಮರ್ಶೆಯ ತೀರ್ಮಾನ ಇದು.

ಕೊನೆಯದಾಗಿ, ಆತನ ಇನ್ನೊಂದು ವಿಚಾರ ನಮ್ಮ ಸಂಘಕ್ಕೆ ನೇರವಾಗಿ ತಟ್ಟುವಂಥದು. ೧೯೧೧ರ ಪ್ರಬಂಧವೊಂದರಲ್ಲಿ ಆತನು ಸಂಸ್ಕೃತಿಯ ದುರಂತವನ್ನು ವಿವರಿಸುತ್ತಾನೆ: ಮನುಷ್ಯರು ನಿರ್ಮಿಸಿದ ಗ್ರಂಥ, ಶಾಸ್ತ್ರ, ಸಂಸ್ಥೆಗಳು ಬೆಳೆಯುತ್ತಲೇ ಹೋಗುತ್ತವೆ, ಅವನ್ನು ಒಳಗುಮಾಡಿಕೊಳ್ಳುವ ವ್ಯಕ್ತಿಯ ಶಕ್ತಿ ಅದಕ್ಕೆ ಸಮನಾಗಿ ಬೆಳೆಯುವುದಿಲ್ಲ. ನಮ್ಮ ಗ್ರಂಥಭಂಡಾರದ ಕಪಾಟುಗಳನ್ನು ವಾಚಕರು ಒಮ್ಮೆ ನೋಡಬೇಕು. ಪುಸ್ತಕಗಳ ಸಂಖ್ಯೆಯನ್ನು ವಾರ್ಷಿಕ ವರದಿಯಲ್ಲಿ ತಪ್ಪದೆ ಕೊಡುತ್ತೇವೆ. ಅವನ್ನು ಓದಬಲ್ಲ ನಮ್ಮ ಮಕ್ಕಳೆಷ್ಟೆಂದು ಯಾವ ವರದಿಯಲ್ಲಿಯೂ ಬರೆದಿಲ್ಲ. ನನ್ನ ಮಗಳು ತೆಲುಗು ಅಂಗಡಿಫಲಕಗಳನ್ನು ಸರಾಗವಾಗಿ ಓದುತ್ತಾಳೆ, ಅದು ಸಂತೋಷವೇ. ಕನ್ನಡದ ಪುಟವನ್ನು ತೆರೆದರೆ, ಲಿಪಿಗಳ ಸಾಮ್ಯದಿಂದ ಅಕ್ಷರಗಳನ್ನು ಊಹಿಸುತ್ತಾಳೆ, ಅರ್ಥವನ್ನು ನನ್ನನ್ನು ಕೇಳುತ್ತಾಳೆ.

ಹೊರಗಿನವನ ಸ್ವಾತಂತ್ರ್ಯವನ್ನು ಬಣ್ಣಿಸಿದ ಸಿಮ್ಮೆಲನು ಅವನ ಮಕ್ಕಳ ಭಾಷೆಯನ್ನು ವಿಚಾರಕ್ಕೆ ತೆಗೆದುಕೊಳ್ಳಲಿಲ್ಲ. ಆ ಲೋಪವನ್ನು ತುಂಬುವುದು ಗ್ರಂಥರಚನೆಯಿಂದ ಆಗತಕ್ಕದ್ದಲ್ಲ. ಪಿಗ್ಮಿಯ ನೀತಿಯೇ ಇಲ್ಲಿಯೂ ಸಲ್ಲುತ್ತದೆ: ಮೊತ್ತ ಅಲ್ಪವಾಗಿರಲಿ, ಆದರೆ ಪ್ರತಿದಿನವೂ ಬಾಗಿಲಿಗೆ ಹೋಗಬೇಕು. ಸಂಜೆಗೆ ಒಂದು ಪುಟದಂತೆ ನಾನು ಮಗಳೊಡನೆ ಆರಂಭಿಸಿದ್ದೇನೆ. ಈ ಠೇವಣಿಯ ಅವಧಿ ಎಂದು ಮುಗಿಯುವುದೆಂಬ ಲೆಕ್ಕವನ್ನು ಮಾತ್ರ ಹಾಕಿಲ್ಲ.