ಬಿಡಿಭಾಗಕ್ಕೂ ಬಿದ್ದ ಬೀಗ

2019ರ ಸೆಪ್ಟೆಂಬರ್‌ನಲ್ಲಿ ಸುಗ್ರೀವಾಜ್ಞೆಯಾಗಿ ಬಂದು, ಡಿಸೆಂಬರ್‌ನಲ್ಲಿ ಕಾಯ್ದೆಯಾದ ಇ-ಸಿಗರೇಟು ನಿಷೇಧದ ನಿಜವಾದ ಬಲ ಅದರ ನಾಲ್ಕನೇ ಕಲಮಿನಲ್ಲಿದೆ. ಇ-ಸಿಗರೇಟು ತಯಾರಿಸುವಂತಿಲ್ಲ, ತರಿಸುವಂತಿಲ್ಲ, ಸಾಗಿಸುವಂತಿಲ್ಲ, ಮಾರುವಂತಿಲ್ಲ ಎಂದು ಹೇಳಿ ಅದು ಸುಮ್ಮನಾಗಲಿಲ್ಲ. ಇಡೀ ಸಾಧನವಾದರೂ ಸರಿ, ಅದರ ಯಾವುದೇ ಒಂದು ಭಾಗವಾದರೂ ಸರಿ, ಮಾರಿದರೆ ಅಪರಾಧವೇ ಎಂದು ಬರೆಯಿತು. ಹಾಗಾಗಿ ಬೆಂಗಳೂರಿನಲ್ಲಿ ದುಡಿಯುವ ಕೂಡ್ಲಿಗಿಯ ಹುಡುಗನೊಬ್ಬ ತನ್ನ ಹಳೆಯ ವೇಪ್‌ನ, ಅಂದರೆ ಇ-ಸಿಗರೇಟಿನ, ಟ್ಯಾಂಕ್ ಸೋರುತ್ತಿದೆ, ಆಟಮೈಜರ್ ಸುಟ್ಟಿದೆ, ಬದಲಿಗೆ ಯಾವುದು ಒಳ್ಳೆಯದು ಎಂದು ವಿಚಾರಿಸಿದರೆ, ಅದನ್ನು ನ್ಯಾಯವಾಗಿ ಕೊಡಬಲ್ಲ ಅಂಗಡಿ ಈ ದೇಶದಲ್ಲಿ ಒಂದೂ ಇಲ್ಲ. ಈ ಬೀಗ ಸರಿಯಾದದ್ದು ಎಂಬುದು ನನ್ನ ಅಭಿಪ್ರಾಯ. ಇಷ್ಟು ಬಿಗಿಯಾದ ಬೀಗವನ್ನು ಇದೊಂದೇ ಬಾಗಿಲಿಗೆ ಹಾಕಿ ಪಕ್ಕದ ದೊಡ್ಡ ಬಾಗಿಲನ್ನು ತೆರೆದಿಟ್ಟರಲ್ಲ ಎಂಬುದು ನನ್ನ ತಕರಾರು.

ಬಿಡಿಭಾಗವನ್ನೇ ಹಿಡಿಯಬೇಕಿತ್ತು ಯಾಕೆ ಎಂಬುದು ಸಾಧನ ಬಿಚ್ಚಿ ನೋಡಿದರೆ ತಿಳಿಯುತ್ತದೆ. ಚೀನಾದ ಔಷಧಿ ತಜ್ಞ ಹಾನ್ ಲಿಕ್ 2003ರಲ್ಲಿ ರೂಪಿಸಿದ ಸಾಧನಕ್ಕೂ ಇಂದಿನದಕ್ಕೂ ತಿರುಳು ಒಂದೇ: ಕೆಳಗೆ ಬ್ಯಾಟರಿ, ಮೇಲೆ ದ್ರವದ ಟ್ಯಾಂಕ್, ನಡುವೆ ದ್ರವವನ್ನು ಆವಿ ಮಾಡುವ ಆಟಮೈಜರ್. ಈಗಿನ ಸಾಧನಗಳಲ್ಲಿ ಆಟಮೈಜರ್ ಎಂದರೆ ಸಣ್ಣ ತಂತಿಯ ಸುರುಳಿ, ಅದರೊಳಗೆ ಹತ್ತಿಯ ಬತ್ತಿ. ಬತ್ತಿ ದ್ರವ ಹೀರುತ್ತದೆ, ಸುರುಳಿ ಕಾಯುತ್ತದೆ, ಆವಿ ಎದೆಗಿಳಿಯುತ್ತದೆ. ದ್ರವದಲ್ಲಿರುವುದು ಪ್ರೊಪಿಲೀನ್ ಗ್ಲೈಕಾಲ್, ಗ್ಲಿಸರಿನ್, ಪರಿಮಳ ಮತ್ತು ನಿಕೋಟಿನ್. ಬ್ಯಾಟರಿ ವರ್ಷಗಟ್ಟಲೆ ಬಾಳುತ್ತದೆ. ಸುರುಳಿ ಬಾಳುವುದಿಲ್ಲ. ದ್ರವದಲ್ಲಿನ ಸಿಹಿ ಅಂಟಿ ಕರಕಲಾಗುತ್ತದೆ, ಬತ್ತಿ ಕಪ್ಪಾಗುತ್ತದೆ, ಕೆಲವು ವಾರಗಳಲ್ಲೇ ಬದಲಿಸಬೇಕಾಗುತ್ತದೆ. ಸಾಧನ ಒಮ್ಮೆ ಕೊಂಡರೆ ಮುಗಿಯಿತು. ಸುರುಳಿ, ಟ್ಯಾಂಕ್, ದ್ರವಗಳ ಖರೀದಿಗೆ ಕೊನೆಯಿಲ್ಲ. ಚಟ ನಿಂತಿರುವುದು ಅದರ ಮೇಲೆ, ವ್ಯಾಪಾರ ನಿಂತಿರುವುದೂ ಅದರ ಮೇಲೆ.

ಆಯ್ಕೆಯ ಪ್ರಶ್ನೆಯನ್ನು ತಾಂತ್ರಿಕವಾಗಿಯೇ ಎತ್ತಿಕೊಂಡರೂ ನಮ್ಮಲ್ಲಿ ಅದಕ್ಕೆ ಉತ್ತರ ಸಿಗುವುದಿಲ್ಲ. ಬದಲಿ ಟ್ಯಾಂಕ್ ಆರಿಸುವವನು ಮೊದಲು ನೋಡಬೇಕಾದದ್ದು ಸುರುಳಿಯ ರೋಧ, ಅಂದರೆ ಓಮ್ ಲೆಕ್ಕ. ಪೂರ್ತಿ ಚಾರ್ಜ್ ಆದ ಲಿಥಿಯಂ ಸೆಲ್ಲಿನಲ್ಲಿ 4.2 ವೋಲ್ಟ್ ಇರುತ್ತದೆ. ನಿಯಂತ್ರಣದ ಚಿಪ್ ಇಲ್ಲದ ಸಾಧನಕ್ಕೆ 1.5 ಓಮ್ ಸುರುಳಿ ಹಾಕಿದರೆ ಹರಿಯುವುದು 2.8 ಆಂಪಿಯರ್, ಅದೇ ಸಾಧನಕ್ಕೆ 0.3 ಓಮ್ ಸುರುಳಿ ತಿರುಗಿಸಿದರೆ 14 ಆಂಪಿಯರ್. ಆ ಹೊರೆ ತಾಳದ ಸೆಲ್ ಕಾದು ಉಬ್ಬುತ್ತದೆ, ಸಿಡಿಯಲೂಬಹುದು. ಆದರೆ ತಿರುಪು ಎರಡಕ್ಕೂ ಒಂದೇ ಅಳತೆಯದು, ಯಾವುದನ್ನು ಬೇಕಾದರೂ ಕೂರಿಸಬಹುದು. ಎರಡನೆಯದಾಗಿ ಬತ್ತಿ ಒಣಗದಂತಿರಬೇಕು. ಒಣ ಬತ್ತಿ ಮಿತಿಮೀರಿ ಕಾದಾಗ ಫಾರ್ಮಾಲ್ಡಿಹೈಡ್‌ನಂಥ ವಿಷಗಳು ಹುಟ್ಟುತ್ತವೆ. ಮೂರನೆಯದು ಲೋಹ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದವರು 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬಾಟಲಿಯ ದ್ರವದಲ್ಲಿ ಇದ್ದುದಕ್ಕಿಂತ ಎಷ್ಟೋ ಹೆಚ್ಚು ಸೀಸ, ನಿಕ್ಕಲ್, ಕ್ರೋಮಿಯಂ ಸುರುಳಿ ದಾಟಿ ಬಂದ ಆವಿಯಲ್ಲಿ ಸಿಕ್ಕಿತ್ತು. ಎಂದರೆ ಬದಲಿಸುವ ಆ ಸಣ್ಣ ಭಾಗವೇ ವಿಷ ಬೆರೆಸುತ್ತದೆ.

ಯುರೋಪಿನ ಒಕ್ಕೂಟ ಇದಕ್ಕೆ ಅಳತೆ ಹಾಕಿದೆ. ಟ್ಯಾಂಕ್ 2 ಮಿಲಿಲೀಟರ್ ಮೀರಬಾರದು, ನಿಕೋಟಿನ್ ಪ್ರತಿ ಮಿಲಿಲೀಟರಿಗೆ 20 ಮಿಲಿಗ್ರಾಂ ಮೀರಬಾರದು. ನಮ್ಮಲ್ಲಿ ಅಂಥ ಅಳತೆ ಇರಲು ಸಾಧ್ಯವಿಲ್ಲ, ಯಾಕೆಂದರೆ ಬರುವುದೆಲ್ಲ ಕಳ್ಳದಾರಿಯ ಮಾಲು. ಪೆಟ್ಟಿಗೆಯ ಮೇಲೆ ಬರೆದ ಓಮ್, ಬಾಟಲಿಯ ಮೇಲೆ ಬರೆದ ಮಿಲಿಗ್ರಾಂ ನಿಜವೋ ಸುಳ್ಳೋ ಎಂದು ಪರೀಕ್ಷಿಸುವ ಹೊಣೆ ಯಾರ ಮೇಲೂ ಇಲ್ಲ. 2019ರಿಂದ 2020ರ ಫೆಬ್ರುವರಿಯವರೆಗೆ ಅಮೆರಿಕದಲ್ಲಿ ವೇಪ್ ಸೇದಿದವರ ಶ್ವಾಸಕೋಶ ದಿಢೀರನೆ ಕೆಟ್ಟು 2,807 ಮಂದಿ ಆಸ್ಪತ್ರೆ ಸೇರಿದರು, 68 ಮಂದಿ ಸತ್ತರು. ಅದರ ಮುಖ್ಯ ಕಾರಣ ಅಡ್ಡದಾರಿಯ ಗಾಂಜಾ ದ್ರವಕ್ಕೆ ಬೆರೆಸಿದ ವಿಟಮಿನ್ ಇ ಅಸಿಟೇಟ್. ಹೊರಗಿನಿಂದ ನೋಡಿದರೆ ಆ ಟ್ಯಾಂಕ್‌ಗಳೂ ಒಳ್ಳೆಯ ಟ್ಯಾಂಕ್‌ಗಳಂತೆಯೇ ಇದ್ದವು.

ಎದುರು ವಾದಕ್ಕೆ ಸಲ್ಲಬೇಕಾದ ಗೌರವ ಸಲ್ಲಲಿ. ಬೀಡಿ, ಸಿಗರೇಟು ಬಿಡಲು ಹೊರಟವರಿಗೆ ನಿಕೋಟಿನ್ ಗಮ್ಮಿಗಿಂತ ಇ-ಸಿಗರೇಟೇ ಹೆಚ್ಚು ನೆರವಾಗುತ್ತದೆ ಎಂದು ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗುವ ಕಾಕ್ರೇನ್ ಸಂಸ್ಥೆಯ ಸಮೀಕ್ಷೆಗಳು ಬಲವಾದ ಪುರಾವೆಯೊಡನೆ ಹೇಳಿವೆ. ಬ್ರಿಟನ್ ಸರ್ಕಾರ 2023ರಲ್ಲಿ ಸಿಗರೇಟು ಬಿಡಲಿಚ್ಛಿಸುವವರಿಗೆ ವೇಪ್ ಸಾಧನಗಳನ್ನೇ ಹಂಚುವ ಯೋಜನೆ ಘೋಷಿಸಿತು. ಅದೇ ಬ್ರಿಟನ್ 2025ರ ಜೂನ್ 1ರಿಂದ ಬಳಸಿ ಬಿಸಾಡುವ ವೇಪ್‌ಗಳ ಮಾರಾಟ ನಿಲ್ಲಿಸಿದ್ದೂ ನಿಜ, ಮಕ್ಕಳ ಕೈಗೆ ಅವು ಹೋದ ಪರಿ ನೋಡಿ. ಅಲ್ಲಿ ಪರೀಕ್ಷೆಯಿದೆ, ಸಲಹೆಗಾರರಿದ್ದಾರೆ. ಇಲ್ಲಿ ಅವೆರಡೂ ಇಲ್ಲದೆ ಸಾಧನ ಮಾತ್ರ ಬಂದಿದ್ದರೆ, ಬೀಡಿ ಸೇದುವ ಅಜ್ಜ ಅದನ್ನು ಹಿಡಿಯುತ್ತಿರಲಿಲ್ಲ, ಮಾವಿನಹಣ್ಣಿನ ಪರಿಮಳಕ್ಕೆ ಮೊಮ್ಮಗ ಹಿಡಿಯುತ್ತಿದ್ದ. ಕರ್ನಾಟಕ ಕೇಂದ್ರಕ್ಕಿಂತ ಮೊದಲೇ, 2016ರಲ್ಲಿ, ನಿಷೇಧಿಸಿದ್ದು ದುಡುಕಲ್ಲ ಎಂದು ನಾನು ನಂಬುತ್ತೇನೆ.

ಈಗ ಪಕ್ಕದ ಬಾಗಿಲಿಗೆ ಬರೋಣ. ವಿಜಯನಗರ ಜಿಲ್ಲೆಯ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ ಈ ಐದೂ ಹೆಚ್ಚಾಗಿ ಮಳೆ ನಂಬಿ ಬದುಕುವ, ಮಳೆ ಕೈಕೊಟ್ಟರೆ ಗುಳೆ ಹೋಗುವ ತಾಲ್ಲೂಕುಗಳು. ಇಲ್ಲಿ ವೇಪ್ ಅಪರೂಪ. ಇಲ್ಲಿನ ಚಟ ಬೀಡಿ, ಸುಣ್ಣ ತಿಕ್ಕಿ ದವಡೆಗೆ ಒತ್ತುವ ತಂಬಾಕು, ಎಲ್ಲಕ್ಕಿಂತ ಮುಖ್ಯವಾಗಿ ಗುಟ್ಕಾ. 2016-17ರ ಜಾಗತಿಕ ವಯಸ್ಕರ ತಂಬಾಕು ಸಮೀಕ್ಷೆಯ ಪ್ರಕಾರ ಕರ್ನಾಟಕದ ವಯಸ್ಕರಲ್ಲಿ ಸೇದುವವರು ಶೇ 8.8, ಜಗಿಯುವವರು ಶೇ 16.3. ಮೈಲಾರದ ಕಾರಣಿಕಕ್ಕೆ, ಕೊಟ್ಟೂರೇಶ್ವರನ ತೇರಿಗೆ ಹೋದವರು ಡಬ್ಬಿ ಅಂಗಡಿಗಳ ಮುಂದೆ ಸರಗಳಾಗಿ ತೂಗುವ ಪಾಕೀಟುಗಳನ್ನು ನೋಡಿಯೇ ಇರುತ್ತಾರೆ.

ಗುಟ್ಕಾ ಕೂಡ ನಿಷೇಧವಾಗಿದೆಯಲ್ಲ? ಆಗಿದೆ. ಆಹಾರ ಪದಾರ್ಥದಲ್ಲಿ ತಂಬಾಕು, ನಿಕೋಟಿನ್ ಬೆರೆಸಬಾರದು ಎಂಬ 2011ರ ಕೇಂದ್ರದ ನಿಯಮ ಹಿಡಿದು ಕರ್ನಾಟಕ 2013ರ ಮೇ ಕೊನೆಯಲ್ಲಿ ಗುಟ್ಕಾ ನಿಷೇಧಿಸಿತು. ತಯಾರಕರು ಗುಟ್ಕಾವನ್ನು ಎರಡಾಗಿ ಒಡೆದರು. ಒಂದು ಪಾಕೀಟಿನಲ್ಲಿ ತಂಬಾಕಿಲ್ಲದ ಪಾನ್ ಮಸಾಲ. ಅದು ಆಹಾರ, ಹಾಗಾಗಿ ಕಾನೂನುಬದ್ಧ. ಇನ್ನೊಂದು ಪುಟ್ಟ ಪಾಕೀಟಿನಲ್ಲಿ ಬರೀ ತಂಬಾಕು. ಅದು ತಂಬಾಕು ಕಾಯ್ದೆಯಡಿ ಬರುತ್ತದೆ, ಹಾಗಾಗಿ ಅದೂ ಕಾನೂನುಬದ್ಧ. ಅಂಗಡಿಯವನು ಎರಡನ್ನೂ ಒಟ್ಟಿಗೆ ಕೊಡುತ್ತಾನೆ, ಗಿರಾಕಿ ಅಲ್ಲೇ ನಿಂತು ಹಲ್ಲಿನಲ್ಲಿ ಕಚ್ಚಿ ಹರಿದು, ಒಂದರೊಳಗೆ ಇನ್ನೊಂದನ್ನು ಸುರಿದು, ಕುಲುಕಿ ಬಾಯಿಗೆ ಹಾಕಿಕೊಳ್ಳುತ್ತಾನೆ. ಕಾರ್ಖಾನೆಯಲ್ಲಿ ಆಗುತ್ತಿದ್ದ ಬೆರಕೆ ಈಗ ಅಂಗೈಯಲ್ಲಿ ಆಗುತ್ತಿದೆ. ಈ ಜೋಡಿ ಪಾಕೀಟಿನ ತಂತ್ರ 2016ರಲ್ಲಿ ಸುಪ್ರೀಂ ಕೋರ್ಟಿನ ಮುಂದೆಯೂ ಬಂತು, ನಿಷೇಧವನ್ನು ಸರಿಯಾಗಿ ಜಾರಿ ಮಾಡಿ ಎಂದು ನ್ಯಾಯಾಲಯ ಹೇಳಿತು. ಪಾಕೀಟುಗಳು ಇಂದಿಗೂ ತೂಗುತ್ತಲೇ ಇವೆ.

ಇ-ಸಿಗರೇಟಿನಲ್ಲಿ ಇಡಿಯೂ ಅಪರಾಧ, ಬಿಡಿಯೂ ಅಪರಾಧ. ಗುಟ್ಕಾದಲ್ಲಿ ಇಡಿ ಅಪರಾಧ, ಬಿಡಿಗಳೆರಡೂ ನ್ಯಾಯ. ಮೊದಲನೆಯ ಕಾನೂನು ಬರೆದವರಿಗೆ ವ್ಯಾಪಾರಿ ಯಾವ ಸಂದಿಯಲ್ಲಿ ನುಸುಳುತ್ತಾನೆ ಎಂಬುದು ಗೊತ್ತಿತ್ತು. ಎರಡನೆಯದರಲ್ಲಿ ಆ ಸಂದಿ ಎಲ್ಲರ ಕಣ್ಣೆದುರೇ ವರ್ಷಗಳಿಂದ ತೆರೆದಿದೆ. ಇದು ತಿಳಿವಳಿಕೆಯ ಕೊರತೆ ಎಂದು ನನಗನಿಸುವುದಿಲ್ಲ. ವೇಪ್ ಹೊರದೇಶದ ಮಾಲು, ಅದನ್ನು ನಂಬಿದ ಬೆಳೆಗಾರ ಇಲ್ಲಿಲ್ಲ, ಅದರಿಂದ ಖಜಾನೆಗೆ ತೆರಿಗೆಯಿಲ್ಲ. ಅಡಿಕೆಗೆ, ತಂಬಾಕಿಗೆ, ಬೀಡಿಗೆ ಇವೆಲ್ಲ ಇವೆ. 2025ರ ಸೆಪ್ಟೆಂಬರ್‌ನಲ್ಲಿ ಜಿಎಸ್‌ಟಿ ಮಂಡಳಿ ಬೀಡಿಯ ತೆರಿಗೆಯನ್ನು ಶೇ 28ರಿಂದ 18ಕ್ಕೆ ಇಳಿಸಲು ತೀರ್ಮಾನಿಸಿದ್ದೂ ಇದೇ ಹಾದಿಯ ಮಾತು. ಬೀಡಿ ಕಟ್ಟುವ ಹೆಣ್ಣುಮಕ್ಕಳ ಹೊಟ್ಟೆಪಾಡು ಸಣ್ಣ ವಿಷಯವಲ್ಲ, ಅದನ್ನು ನಾನು ಬಲ್ಲೆ. ಆದರೆ ಬಾಯಿ ತೆರೆಯಲಾಗದೆ, ಅನ್ನ ನುಂಗಲಾಗದೆ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯ ಮೆಟ್ಟಿಲಲ್ಲಿ ಕೂರುವವರೂ ಇಂಥ ತಾಲ್ಲೂಕುಗಳಿಂದಲೇ ಬರುತ್ತಾರೆ. ಅಡಿಕೆ ತಾನೊಂದೇ ಕ್ಯಾನ್ಸರ್ ತರಬಲ್ಲದು ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಹೇಳಿದೆ. ಪಾಕೀಟನ್ನು ಒಡೆದ ಮಾತ್ರಕ್ಕೆ ಅರ್ಧ ಪಾಕೀಟು ನಿರಪಾಯವಾಗಲಿಲ್ಲ.

ಇ-ಸಿಗರೇಟು ಕಾಯ್ದೆಯ ಶಿಕ್ಷೆಗಳು ಕಾಗದದ ಮೇಲೆ ಸಾಕಷ್ಟಿವೆ. ಮೊದಲ ಸಲ ಮಾರಿದವನಿಗೆ 1 ವರ್ಷದವರೆಗೆ ಜೈಲು ಅಥವಾ 1 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ. ಮತ್ತೆ ಸಿಕ್ಕಿಬಿದ್ದರೆ 3 ವರ್ಷ, 5 ಲಕ್ಷದವರೆಗೆ. ಸೇದುವವನಿಗೆ ಶಿಕ್ಷೆಯಿಲ್ಲ, ಮತ್ತು ಅದು ಸರಿ. ಚಟಕ್ಕೆ ಬಿದ್ದವನನ್ನು ಠಾಣೆಗೆ ಎಳೆದು ಏನೂ ಸಾಧಿಸಲಾಗದು. ಆದರೆ ಶಿಕ್ಷೆಯಿಂದ ಬಿಟ್ಟವನಿಗೆ ಬೇರೆ ದಾರಿಯನ್ನೂ ಕಾಯ್ದೆ ತೋರಲಿಲ್ಲ. ಈ ಕೊರತೆ ಕಣ್ಣಿಗೆ ಬೀಳುವ ಒಂದು ಜಾಗವಿದೆ. 2018ರ ಸೆಪ್ಟೆಂಬರ್‌ನಿಂದ ಬೀಡಿ, ಸಿಗರೇಟು, ತಂಬಾಕಿನ ಪಾಕೀಟುಗಳ ಮೇಲೆ ಎಚ್ಚರಿಕೆಯ ಚಿತ್ರದ ಜೊತೆಗೆ ಚಟ ಬಿಡಲು ಕರೆ ಮಾಡಬೇಕಾದ ಉಚಿತ ಸಂಖ್ಯೆ ಅಚ್ಚಾಗುತ್ತಿದೆ: 1800-11-2356. ಬೆಂಗಳೂರಿನ ನಿಮ್ಹಾನ್ಸ್ ಈ ಸೇವೆಯ ಕೇಂದ್ರಗಳಲ್ಲೊಂದು, ಕನ್ನಡದಲ್ಲೇ ಮಾತಾಡಬಹುದು. ಬೀಡಿ ಸೇದುವವನ ಜೇಬಿನಲ್ಲಿ ಆ ಸಂಖ್ಯೆ ಇದೆ, ಓದು ಬರದವನಿಗೆ ಅದನ್ನು ಓದಿ ಹೇಳುವವರು ಬೇಕು ಅಷ್ಟೆ. ಕದ್ದು ತಂದ ವೇಪ್ ಪೆಟ್ಟಿಗೆಯ ಮೇಲೆ ಆ ಸಂಖ್ಯೆ ಎಲ್ಲಿಂದ ಬರಬೇಕು? ತಂಬಾಕಿಲ್ಲದ್ದೆಂದು ಹೇಳಿಕೊಳ್ಳುವ ಪಾನ್ ಮಸಾಲದ ಪಾಕೀಟಿಗೂ ಆ ನಿಯಮವಿಲ್ಲ.

ಐದೂ ತಾಲ್ಲೂಕುಗಳ ಸರ್ಕಾರಿ ಆಸ್ಪತ್ರೆಗಳಲ್ಲಿ ನಿಕೋಟಿನ್ ಗಮ್ ಸದಾ ಇರಬೇಕು, ಅದನ್ನು ಹೇಗೆ ಜಗಿಯಬೇಕು ಎಂದು ಕೂತು ಹೇಳುವವರು ಒಬ್ಬರಿರಬೇಕು. ಗಮ್ಮನ್ನು ಎಲೆ ಅಡಿಕೆಯಂತೆ ಸತತ ಜಗಿದರೆ ಹೊಟ್ಟೆ ತೊಳಸುತ್ತದೆ. ಸ್ವಲ್ಪ ಜಗಿದು, ಕೆನ್ನೆಯೊಳಗೆ ಒತ್ತಿಟ್ಟು, ಮತ್ತೆ ಜಗಿಯಬೇಕು. ಇಷ್ಟು ಹೇಳಿಸಿಕೊಳ್ಳಲು ಹರಪನಹಳ್ಳಿಯವರು ದಾವಣಗೆರೆಗೋ ಕೂಡ್ಲಿಗಿಯವರು ಹೊಸಪೇಟೆಗೋ ಬಸ್ಸು ಹತ್ತುವಂತಾಗಬಾರದು. 2021ರಲ್ಲಿ ವಿಜಯನಗರ ಹೊಸ ಜಿಲ್ಲೆಯಾದಾಗ ಕಚೇರಿಗಳು ಹತ್ತಿರ ಬಂದವು ಎಂದು ಜನ ಸಂತೋಷಪಟ್ಟಿದ್ದರು. ಹತ್ತಿರ ಬರಬೇಕಾದ್ದರಲ್ಲಿ ಇದೂ ಒಂದು.

ಟ್ಯಾಂಕ್ ಹುಡುಕುತ್ತಿರುವ ಆ ಹುಡುಗನಿಗೆ ನನ್ನ ಸಲಹೆ ಇಷ್ಟು. ಬದಲಿ ಭಾಗ ತರಿಸಬೇಡ. ಸುರುಳಿ ಸುಟ್ಟಿರುವುದು ಬಿಡಲು ಸಿಕ್ಕ ಸಮಯ ಎಂದುಕೊಂಡು ಮೇಲಿನ ಸಂಖ್ಯೆಗೆ ಕರೆ ಮಾಡು. ಉಳಿದ ದ್ರವ ಮಕ್ಕಳ ಕೈಗೆ ಸಿಗದಂತೆ ನೋಡಿಕೋ, ಕೆಲವೇ ಮಿಲಿಲೀಟರ್ ನುಂಗಿದರೂ ಮಗುವಿನ ಪ್ರಾಣಕ್ಕೆ ಅಪಾಯ. ಬ್ಯಾಟರಿಯನ್ನು ತಿಪ್ಪೆಗೆ ಎಸೆಯಬೇಡ, ಬೆಂಕಿಗೆ ಹಾಕಬೇಡ. ಎರಡೂ ತುದಿಗೆ ಟೇಪ್ ಸುತ್ತಿ ಹಳೆಯ ಮೊಬೈಲ್ ಬ್ಯಾಟರಿ ಸಂಗ್ರಹಿಸುವ ಕಡೆ ಕೊಡು. ಬಿಡಲು ಹೊರಟ ಮೊದಲ ವಾರ ಊರಿಗೆ ಬಂದರೆ, ಬಸ್ ನಿಲ್ದಾಣದ ಡಬ್ಬಿ ಅಂಗಡಿಯಲ್ಲಿ ಜೋಡಿ ಪಾಕೀಟಿಗೆ ಕೈ ಚಾಚಬೇಡ.