ಕನಸುಗಾರನೆಂದು ಹೊಗಳಿ ಮೇಷ್ಟರನ್ನು ಮರೆತದ್ದು

ಫ್ರಾನ್ಸಿನ ವಿಜ್ಞಾನ ಚಿತ್ರಗಳ ನಿರ್ದೇಶಕ ಜಾಂ ಪ್ಯಾಂಲವೆ (1902–1989) ಅವರ ಹೆಸರೆತ್ತಿದರೆ ಸಿನಿಮಾ ಬಲ್ಲವರ ಬಾಯಲ್ಲಿ ಮೊದಲು ಬರುವ ಮಾತು ‘ಸರ್ರಿಯಲಿಸ್ಟ್’, ಅಂದರೆ ಕನಸಿನ ತರ್ಕವನ್ನು ಕಲೆಗೆ ತಂದವರ ಪೈಕಿ ಒಬ್ಬರು. ಈ ಹಣೆಪಟ್ಟಿಗೆ ಆಧಾರ ಇಲ್ಲದಿಲ್ಲ. 1924ರಲ್ಲಿ ಕವಿ ಇವಾನ್ ಗೋಲ್ ಹೊರತಂದ ‘ಸರ್ರಿಯಲಿಸಂ’ ಪತ್ರಿಕೆಯ ಒಂದೇ ಒಂದು ಸಂಚಿಕೆಯಲ್ಲಿ ಪ್ಯಾಂಲವೆ ಬರೆದಿದ್ದರು. ಅದೇ ಪಂಥದ ಕಲಾವಿದ ಮ್ಯಾನ್ ರೇ ಅವರ ಸಿನಿಮಾಕ್ಕೆ ನಕ್ಷತ್ರಮೀನಿನ ದೃಶ್ಯಗಳನ್ನೂ ಒದಗಿಸಿದ್ದರು. ವಿಮರ್ಶಕ ಆಂದ್ರೆ ಬಜಾನ್ ಇನ್ನೊಂದು ದಿಕ್ಕಿನಿಂದ ಹೊಗಳಿದರು: ಸೌಂದರ್ಯದ ಉದ್ದೇಶವೇ ಇಲ್ಲದ ವಿಜ್ಞಾನ ಚಿತ್ರದಲ್ಲಿ ಚೆಲುವು ತಾನಾಗಿ ಒದಗುತ್ತದೆ ಎಂದರು. ಒಬ್ಬರಿಗೆ ಅವರು ಕನಸುಗಾರ, ಇನ್ನೊಬ್ಬರಿಗೆ ಆಕಸ್ಮಿಕದ ಫಲಾನುಭವಿ. ಎರಡೂ ಹೊಗಳಿಕೆಗಳು ಅವರ ಜೀವಮಾನದ ಕೆಲಸವನ್ನೇ ಬದಿಗೆ ಸರಿಸುತ್ತವೆ. ಪ್ಯಾಂಲವೆ ಮೊದಲಿಗೂ ಕೊನೆಗೂ ಕಲಿಸುವ ಮನುಷ್ಯ.

ಅವರು ಒಂದೇ ವಿಷಯಕ್ಕೆ ಬೇರೆ ಬೇರೆ ಆವೃತ್ತಿಗಳನ್ನು ಕತ್ತರಿಸಿ ಜೋಡಿಸುತ್ತಿದ್ದರು. ಸಂಶೋಧಕರಿಗೆ ಒಂದು, ವಿದ್ಯಾರ್ಥಿಗಳಿಗೆ ಒಂದು, ಚಿತ್ರಮಂದಿರಕ್ಕೆ ಬರುವ ಜನರಿಗೆ ಸಂಗೀತ ಕೂಡಿದ ಚಿಕ್ಕದೊಂದು. ಎದುರಿಗೆ ಕುಳಿತವರು ಯಾರು, ಅವರಿಗೆ ಈಗಾಗಲೇ ಎಷ್ಟು ಗೊತ್ತು ಎಂದು ಯೋಚಿಸಿ ಮಾತನಾಡುವುದು ಕನಸುಗಾರನ ಅಭ್ಯಾಸವಲ್ಲ, ತರಗತಿಯ ಅಭ್ಯಾಸ. 1930ರಲ್ಲಿ ವೈಜ್ಞಾನಿಕ ಸಿನಿಮಾದ ಸಂಸ್ಥೆ ಕಟ್ಟಿದ್ದೂ, 1937ರಲ್ಲಿ ನಾಲ್ಕನೆಯ ಆಯಾಮದಂಥ ಗಣಿತದ ವಿಷಯವನ್ನು ತೆರೆಗೆ ತಂದದ್ದೂ ಇದೇ ಹಟದಿಂದ.

‘ಕಡಲಕುದುರೆ’ಯನ್ನೇ (1934) ನೋಡಿ. ಹೆಣ್ಣು ತನ್ನ ಮೊಟ್ಟೆಗಳನ್ನು ಗಂಡಿನ ಹೊಟ್ಟೆಯ ಚೀಲಕ್ಕೆ ದಾಟಿಸುತ್ತದೆ. ಹೊರುವುದು, ನೋವು ತಿನ್ನುವುದು, ಹೆರುವುದು ಗಂಡು. ಇಷ್ಟು ಸಾಕು, ನೋಡುಗರು ಬೆರಗಾಗುತ್ತಾರೆ. ಆದರೆ ಪ್ಯಾಂಲವೆ ಅಲ್ಲಿಗೆ ನಿಲ್ಲಿಸುವುದಿಲ್ಲ. ಚೀಲವನ್ನು ಕೊಯ್ದು ಒಳಗಿನದನ್ನು ತೋರಿಸುತ್ತಾರೆ, ಭ್ರೂಣದ ಮಿಡಿಯುವ ಹೃದಯದ ಹತ್ತಿರ ಹೋಗುತ್ತಾರೆ, ಮೀನನ್ನು ನೀರಲ್ಲಿ ನೆಟ್ಟಗೆ ನಿಲ್ಲಿಸುವ ಗಾಳಿಚೀಲವನ್ನು ವಿವರಿಸುತ್ತಾರೆ. ಕನಸನ್ನು ಕಾಪಾಡಿಕೊಳ್ಳಬೇಕೆಂದವರು ಅದಕ್ಕೆ ಕತ್ತರಿ ಹಾಕುವುದಿಲ್ಲ. ಕೊನೆಗೆ ಈ ಜೀವಿಗಳ ಹಿಂದೆ ರೇಸಿನ ಕುದುರೆಗಳು ಓಡುತ್ತವೆ, ನಿಜ. ಆ ಚೇಷ್ಟೆ ಬರುವುದು ಪಾಠ ಮುಗಿದ ಮೇಲೆ. ಹೆರಿಗೆಯ ಗಳಿಗೆ ತಪ್ಪಬಾರದೆಂದು, ತೂಕಡಿಸಿದರೆ ಶಾಕ್ ಕೊಡುವ ಸಾಧನವನ್ನು ಟೋಪಿಗೆ ಸಿಕ್ಕಿಸಿಕೊಂಡಿದ್ದಾಗಿ ಅವರೇ ಹೇಳಿಕೊಂಡಿದ್ದಾರೆ. ಇಷ್ಟು ಕಾದು ಪಡೆದ ದೃಶ್ಯವನ್ನು ತಾನಾಗಿ ಒದಗಿದ್ದು ಎಂದು ನಾನು ಒಪ್ಪಲಾರೆ.

ರಕ್ತ ಹೀರುವ ಬಾವಲಿಯ ಚಿತ್ರದಲ್ಲಿ (1945) ಡ್ಯೂಕ್ ಎಲಿಂಗ್ಟನ್‌ರ ಜಾಝ್ ಇದೆ, ‘ನೊಸ್ಫೆರಾಟು’ ಸಿನಿಮಾದ ತುಣುಕುಗಳಿವೆ. ಅದನ್ನು ನಾಜಿಸಂನ ರೂಪಕವಾಗಿ ಓದುವುದೂ ತಪ್ಪಲ್ಲ. ಆದರೆ ಗಿನಿಪಿಗ್‌ನ ಮೇಲೆ ಬಾವಲಿ ಎಲ್ಲಿ ಕಚ್ಚುತ್ತದೆ, ರಕ್ತವನ್ನು ಹೇಗೆ ನೆಕ್ಕುತ್ತದೆ ಎಂಬುದನ್ನು ಅಷ್ಟು ನಿಧಾನವಾಗಿ ತೋರಿಸುವ ಅಗತ್ಯ ರೂಪಕಕ್ಕೆ ಇರಲಿಲ್ಲ. ಅದು ವಿದ್ಯಾರ್ಥಿಯ ಕಣ್ಣಿಗೆ ಬೇಕಾದ ನಿಧಾನ.

ಎದುರು ಪಕ್ಷದ ವಿಜ್ಞಾನಿಗಳೂ ಪ್ಯಾಂಲವೆಗೆ ನ್ಯಾಯ ಮಾಡಲಿಲ್ಲ. 1928ರಲ್ಲಿ ಸ್ಟಿಕಲ್‌ಬ್ಯಾಕ್ ಮೀನಿನ ಮೊಟ್ಟೆಯ ಚಿತ್ರವನ್ನು ಫ್ರಾನ್ಸಿನ ವಿಜ್ಞಾನ ಅಕಾಡೆಮಿಯಲ್ಲಿ ತೋರಿಸಿದಾಗ ಸಿನಿಮಾ ಎಂಬ ಕಾರಣಕ್ಕೇ ಕೆಲವರು ಕೆರಳಿದರು. ಸಿನಿಮಾದ ಸೊಗಸು ವಿಜ್ಞಾನಕ್ಕೆ ಕುಂದು ಎಂದವರು ಅವರು. ವಿಜ್ಞಾನವನ್ನು ಬಿಟ್ಟು ಸೊಗಸನ್ನಷ್ಟೇ ಎತ್ತಿಕೊಂಡವರು ನಂತರದ ರಸಿಕರು. ಕಲಿಕೆಯೂ ಸುಖವೂ ಒಂದೇ ಕಡೆ ಇರಲಾರವು ಎಂಬ ನಂಬಿಕೆ ಇಬ್ಬರದೂ.

2001ರಲ್ಲಿ ಅಮೆರಿಕದ ಯೋ ಲಾ ಟೆಂಗೋ ತಂಡ ಅವರ ಎಂಟು ಚಿತ್ರಗಳಿಗೆ ಹೊಸ ಸಂಗೀತ ಕಟ್ಟಿತು. ಸಂಗೀತ ಚೆನ್ನಾಗಿದೆ, ಹೊಸ ಪ್ರೇಕ್ಷಕರನ್ನೂ ತಂದಿತು. ಆದರೂ ಈ ಚಿತ್ರಗಳನ್ನು ಅವುಗಳ ಮೂಲ ನಿರೂಪಣೆಯೊಂದಿಗೇ ನೋಡಬೇಕೆಂದು ನನ್ನ ಒತ್ತಾಯ. ಆ ಮಾತನ್ನು ತೆಗೆದರೆ ಉಳಿಯುವುದು ನೀರಲ್ಲಿ ತೇಲುವ ಚೆಂದದ ಆಕಾರಗಳು. ಅವು ಬದುಕುವುದು ಹೇಗೆ ಎಂದು ತಿಳಿಸುವವರೇ ಅಲ್ಲಿರುವುದಿಲ್ಲ.